ಅಪ್ಲಾಸ್ಟಿಕ್ ಅನೀಮಿಯಾ: ಕಸಿಯೋ, ಎಟಿಜಿಯೋ, ಬರೀ ಮಾತ್ರೆಯೋ?

ನನ್ನ ತಮ್ಮನಿಗೆ ಆಗ 22 ವರ್ಷ. ಮೊದಲು ಕಂಡದ್ದು ಕಾಲಿನ ಮೇಲೆ ಸಣ್ಣ ಸಣ್ಣ ಕೆಂಪು ಚುಕ್ಕೆ. ಸೊಳ್ಳೆ ಕಚ್ಚಿರಬೇಕು ಅಂದುಕೊಂಡೆವು. ಆಮೇಲೆ ಹಲ್ಲುಜ್ಜುವಾಗ ರಕ್ತ ಬಂತು. ಮೆಟ್ಟಿಲು ಹತ್ತಿದರೆ ಏದುಸಿರು. ಊರಿನ ಒಂದು ಕ್ಲಿನಿಕ್ಕಿನಲ್ಲಿ ರಕ್ತ ಕಮ್ಮಿ ಇದೆ ಎಂದು ಐರನ್ ಟಾನಿಕ್ ಬರೆದುಕೊಟ್ಟರು. ಮೂರು ವಾರ ಕುಡಿಸಿದೆವು. ನಾಲ್ಕನೇ ವಾರ ರಕ್ತ ಪರೀಕ್ಷೆ ಮಾಡಿಸಿದಾಗ ಪ್ಲೇಟ್‌ಲೆಟ್ 9 ಸಾವಿರ. ಚೆನ್ನಾಗಿರುವವರಲ್ಲಿ ಅದು ಒಂದೂವರೆ ಲಕ್ಷಕ್ಕಿಂತ ಮೇಲಿರುತ್ತದೆ. ಅದೇ ರಾತ್ರಿ ಹಾಸನದಿಂದ ಬೆಂಗಳೂರಿಗೆ ಹೊರಟೆವು.

ಒಂದು ವಾರದಲ್ಲಿ ಕಾಯಿಲೆಯ ಹೆಸರು ಗೊತ್ತಾಯಿತು. ಅದರ ಮಾರನೇ ದಿನವೇ ಡಾಕ್ಟರು ನಮ್ಮ ಮುಂದೆ ಮೂರು ದಾರಿ ಇಟ್ಟರು: ಬೇರೆಯವರ ಮಜ್ಜೆ ಹಾಕುವ ಕಸಿ, ದಾರಿ ತಪ್ಪಿದ ರಕ್ಷಣಾ ಕಣಗಳನ್ನು ಅಡಗಿಸುವ ಎಟಿಜಿ ಎಂಬ ಔಷಧಿ, ಇಲ್ಲವೇ ಬರೀ ಮಾತ್ರೆ. ಅಪ್ಪ ಅಮ್ಮ ನನ್ನ ಮುಖ ನೋಡಿದರು. ನನಗೂ ಏನೂ ತಿಳಿಯದು. ಅವತ್ತು ಯಾರಾದರೂ ಕನ್ನಡದಲ್ಲಿ ಕೂರಿಸಿಕೊಂಡು ಹೇಳಿದ್ದರೆ ಎಷ್ಟು ಉಪಕಾರ ಆಗುತ್ತಿತ್ತು ಅಂತ ಈಗಲೂ ಅನ್ನಿಸುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಎರಡು ವರ್ಷ ವಾರ್ಡಿನಲ್ಲಿ ತಮ್ಮನ ಪಕ್ಕ ಕೂತ ಅಕ್ಕ. ಓದಿ, ಕೇಳಿ, ಕಂಡು ಗಟ್ಟಿ ಮಾಡಿಕೊಂಡದ್ದನ್ನಷ್ಟೇ ಇಲ್ಲಿ ಹೇಳುತ್ತೇನೆ. ನಿಮ್ಮ ರೋಗಿಯ ವಿಷಯದಲ್ಲಿ ಕೊನೆಯ ಮಾತು ಅವರನ್ನು ನೋಡುತ್ತಿರುವ ರಕ್ತರೋಗ ತಜ್ಞರದ್ದೇ.

ಮೊದಲು ಕಾಯಿಲೆ ಯಾವುದು ಅನ್ನೋದು ಗಟ್ಟಿಯಾಗಲಿ

ಅಮ್ಮನಿಗೆ ನಾನು ಹೀಗೆ ವಿವರಿಸಿದೆ. ಎಲುಬಿನ ಒಳಗಿನ ಮಜ್ಜೆ ಭತ್ತದ ಸಸಿಮಡಿ ಇದ್ದ ಹಾಗೆ. ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಎಲ್ಲ ಅಲ್ಲೇ ಮೊಳೆತು ಹೊರಗೆ ಬರುತ್ತವೆ. ಈ ಕಾಯಿಲೆಯಲ್ಲಿ ನಮ್ಮದೇ ದೇಹದ ಕಾವಲಿನ ಕಣಗಳು ದಾರಿ ತಪ್ಪಿ ಆ ಮಡಿಗೆ ನುಗ್ಗಿ ಸಸಿ ಮೇಯುತ್ತವೆ. ಕೊನೆಗೆ ಮಡಿಯಲ್ಲಿ ಉಳಿಯುವುದು ಬರೀ ಕೊಬ್ಬು. ಹೆಚ್ಚಿನವರಲ್ಲಿ ನಡೆಯುವುದು ಇದೇ. ಪಾಲ್ ಎಹ್ರ್ಲಿಚ್ ಅನ್ನುವ ಜರ್ಮನ್ ವೈದ್ಯ ಇದನ್ನು ಮೊದಲು ವಿವರಿಸಿದ್ದು 1888ರಲ್ಲಿ. ಪಶ್ಚಿಮದ ದೇಶಗಳಲ್ಲಿ ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಸುಮಾರು ಇಬ್ಬರಿಗೆ ಬರುತ್ತದೆ. ಏಷ್ಯಾದಲ್ಲಿ ಅದರ ಎರಡು ಮೂರು ಪಟ್ಟು ಜಾಸ್ತಿ.

ಇದು ಕ್ಯಾನ್ಸರ್ ಅಲ್ಲ. ಆದರೆ ಲುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್ ರೋಗಿಗಳ ವಾರ್ಡಿನಲ್ಲೇ ಹಾಸಿಗೆ ಸಿಗುತ್ತದೆ, ಅವರನ್ನು ನೋಡುವ ಡಾಕ್ಟರೇ ಇವರನ್ನೂ ನೋಡುತ್ತಾರೆ. ಊರಿನಲ್ಲಿ ಸುದ್ದಿ ಹಬ್ಬುವುದೂ ಹಾಗೆಯೇ.

ಚಿಕಿತ್ಸೆ ಆರಿಸುವ ಮುಂಚೆ ಇನ್ನೂ ಕೆಲವು ಕಾಯಿಲೆಗಳು ಇಲ್ಲ ಅನ್ನುವುದು ಖಾತ್ರಿಯಾಗಬೇಕು. ಬಿ12 ಕೊರತೆ ಜಾಸ್ತಿಯಾದರೂ ಮೂರೂ ಬಗೆಯ ಕಣ ಇಳಿಯುತ್ತವೆ. ಸಸ್ಯಾಹಾರಿ ಮನೆಗಳಲ್ಲಿ ಇದು ಅಪರೂಪವಲ್ಲ, ಇಂಜೆಕ್ಷನ್ನಿನಿಂದಲೇ ವಾಸಿಯಾಗುತ್ತದೆ. ಮಜ್ಜೆಯ ಕಣಗಳೇ ಕೆಟ್ಟು ಬೆಳೆಯುವ ಎಂಡಿಎಸ್ ಅನ್ನುವ ಕಾಯಿಲೆಯ ಒಂದು ಬಗೆ ನೋಡಲು ಥೇಟ್ ಇದರ ಹಾಗೆಯೇ ಇರುತ್ತದೆ. ಅದಕ್ಕೇ ಮಜ್ಜೆಯ ನೀರು ತೆಗೆದರಷ್ಟೇ ಸಾಲದು. ಎಲುಬಿನ ಸಣ್ಣ ತುಂಡನ್ನು ತೆಗೆದು ಬಯಾಪ್ಸಿ ಮಾಡಬೇಕು, ವರ್ಣತಂತುಗಳನ್ನೂ ನೋಡಬೇಕು. ಕೆಂಪು ಕಣಗಳು ಒಡೆಯುವ ಪಿಎನ್‌ಎಚ್ ಎಂಬ ಇನ್ನೊಂದು ಕಾಯಿಲೆಯ ಪರೀಕ್ಷೆಯನ್ನೂ ಮಾಡಿಸುತ್ತಾರೆ.

ಒಂದು ಪರೀಕ್ಷೆಯನ್ನು ಮಾತ್ರ ಒತ್ತಿ ಹೇಳುತ್ತೇನೆ. ರೋಗಿ ಮಗುವಾಗಿದ್ದರೆ ಅಥವಾ ಹರೆಯದವರಾಗಿದ್ದರೆ ಫ್ಯಾಂಕೋನಿ ಅನೀಮಿಯಾ ಇದೆಯಾ ಎಂದು ನೋಡಲೇಬೇಕು. ಇದು ಹುಟ್ಟಿನಿಂದ ಬರುವ ಮಜ್ಜೆಯ ಕಾಯಿಲೆ. ಸಾಮಾನ್ಯವಾಗಿ ತಾಯಿ ತಂದೆ ಇಬ್ಬರಿಂದಲೂ ದೋಷವಿರುವ ಜೀನ್ ಬಂದಾಗ ಮಾತ್ರ ಕಾಣಿಸಿಕೊಳ್ಳುತ್ತದೆ. ನಮ್ಮ ಕಡೆ ಸೋದರಮಾವನಿಗೋ ಅತ್ತೆ ಮಗನಿಗೋ ಕೊಟ್ಟು ತಂದುಕೊಳ್ಳುವುದು ಇನ್ನೂ ಇದೆ, ಅಲ್ವಾ? ಅಂಥ ಮನೆಗಳಲ್ಲಿ ಇದರ ಸಾಧ್ಯತೆ ಜಾಸ್ತಿ. ಕೆಲವು ಮಕ್ಕಳಲ್ಲಿ ಹೆಬ್ಬೆರಳಿನಲ್ಲಿ ದೋಷ, ಕುಳ್ಳು, ಮೈಮೇಲೆ ಕಂದು ಮಚ್ಚೆ ಇರುತ್ತವೆ. ಕೆಲವರಲ್ಲಿ ಏನೂ ಕಾಣುವುದಿಲ್ಲ. ಫ್ಯಾಂಕೋನಿ ಇದ್ದರೆ ಎಟಿಜಿ ಕೆಲಸ ಮಾಡುವುದಿಲ್ಲ, ಕಸಿಗೆ ಕೊಡುವ ಕೀಮೋ ಪ್ರಮಾಣವನ್ನೂ ತುಂಬ ಇಳಿಸಬೇಕಾಗುತ್ತದೆ. ಮಜ್ಜೆ ಕೊಡಲು ಬರುವ ಅಣ್ಣ ತಂಗಿಯರಿಗೂ ಇದೇ ಪರೀಕ್ಷೆ ಮಾಡಿಸಬೇಕು. ಅವರಲ್ಲೂ ಅದೇ ಕಾಯಿಲೆ ಅಡಗಿರಬಹುದು. ದಾಖಲಾದ ಮೊದಲ ವಾರವೇ, ಈ ಪರೀಕ್ಷೆ ಕಳಿಸಿದ್ದೀರಾ ಎಂದು ಕೇಳಿ.

ಇನ್ನು ತೀವ್ರತೆ. 1976ರಿಂದ ಬಳಕೆಯಲ್ಲಿರುವ ಒಂದು ಅಳತೆ ಇದೆ. ಮಜ್ಜೆಯಲ್ಲಿ ಕಣಗಳು ಶೇ 25ಕ್ಕಿಂತ ಕಮ್ಮಿ ಇರಬೇಕು. ಜೊತೆಗೆ ಈ ಮೂರರಲ್ಲಿ ಎರಡು ಇರಬೇಕು: ನ್ಯೂಟ್ರೋಫಿಲ್ (ಸೋಂಕಿನ ಜೊತೆ ಹೋರಾಡುವ ಬಿಳಿ ಕಣ) 500ಕ್ಕಿಂತ ಕಮ್ಮಿ, ಪ್ಲೇಟ್‌ಲೆಟ್ 20 ಸಾವಿರಕ್ಕಿಂತ ಕಮ್ಮಿ, ಹೊಸದಾಗಿ ಹುಟ್ಟುವ ಕೆಂಪು ಕಣಗಳು ತೀರಾ ಕಮ್ಮಿ. ಹೀಗಿದ್ದರೆ ತೀವ್ರ ಎನ್ನುತ್ತಾರೆ. ನ್ಯೂಟ್ರೋಫಿಲ್ 200ಕ್ಕೂ ಕೆಳಗಿದ್ದರೆ ಅತಿ ತೀವ್ರ. ಮುಂದೆ ಹೇಳುವುದೆಲ್ಲ ಈ ಎರಡು ಗುಂಪಿನವರಿಗೆ. ಅದಕ್ಕಿಂತ ಸೌಮ್ಯವಾಗಿದ್ದು ರಕ್ತ ಹಾಕಿಸುವ ಅಗತ್ಯವೇ ಬೀಳದವರನ್ನು ಸುಮ್ನೆ ಕಣ್ಣಿಟ್ಟು ನೋಡುತ್ತಾ ಇರುವುದೂ ಉಂಟು.

ರಕ್ತ ಕೊಡಲು ಮನೆಯವರು ಓಡಬೇಡಿ

ಇದು ಚಿಕಿತ್ಸೆಯ ಆಯ್ಕೆಗೂ ಮುಂಚಿನ ಮಾತು. ಆದರೂ ನಿಮ್ಮ ಆಯ್ಕೆಯನ್ನೇ ಕೆಡಿಸಬಲ್ಲದು. ತಮ್ಮನಿಗೆ ಪ್ಲೇಟ್‌ಲೆಟ್ ಬೇಕು ಎಂದ ತಕ್ಷಣ ನಾನೇ ತೋಳು ಚಾಚಿದೆ. ಬ್ಲಡ್ ಬ್ಯಾಂಕಿನ ಹುಡುಗಿಯೊಬ್ಬಳು ತಡೆದಳು. "ನೀವು ಒಡಹುಟ್ಟಿದವರು. ನಾಳೆ ಮಜ್ಜೆ ಕೊಡೋರು ನೀವೇ ಆಗಬಹುದು. ಈಗ ರಕ್ತ ಕೊಡಬೇಡಿ ಅಕ್ಕಾ" ಎಂದಳು. ಅವಳಿಗೆ ನಾನು ಇವತ್ತಿಗೂ ಋಣಿ.

ಕಾರಣ ಸರಳ. ಮನೆಯವರ ರಕ್ತ ಹಾಕಿದರೆ ರೋಗಿಯ ದೇಹ ಆ ಕಣಗಳನ್ನು ಗುರುತಿಟ್ಟುಕೊಂಡು ಅವುಗಳ ವಿರುದ್ಧ ಎದ್ದು ನಿಲ್ಲಲು ಕಲಿಯುತ್ತದೆ. ನಾಳೆ ಅದೇ ಮನೆಯವರ ಮಜ್ಜೆ ಬಂದಾಗ ಅದನ್ನು ಹೊರಗೆ ತಳ್ಳುವ ಅಪಾಯ ಹೆಚ್ಚುತ್ತದೆ. ರಕ್ತಕ್ಕೆ ಹೊರಗಿನ ದಾನಿಗಳನ್ನು ಹುಡುಕಿ. ಬಿಳಿ ಕಣ ಸೋಸಿದ, ವಿಕಿರಣ ಹಾಯಿಸಿದ ರಕ್ತ ಕೇಳಿ. ಆದಷ್ಟು ಒಬ್ಬನೇ ದಾನಿಯಿಂದ ಯಂತ್ರದ ಮೂಲಕ ತೆಗೆದ ಪ್ಲೇಟ್‌ಲೆಟ್ ಕೇಳಿ, ಇದನ್ನು ಎಸ್‌ಡಿಪಿ ಎನ್ನುತ್ತಾರೆ. ಪ್ಲೇಟ್‌ಲೆಟ್ ಕೆಡದೆ ಉಳಿಯುವುದು 5 ದಿನ ಅಷ್ಟೇ, ಕೂಡಿಟ್ಟುಕೊಳ್ಳಲು ಆಗುವುದಿಲ್ಲ. ಗೆಳೆಯರು, ಸಹೋದ್ಯೋಗಿಗಳ ಪಟ್ಟಿ ಮಾಡಿ ವಾರಕ್ಕೆ ಇಬ್ಬರ ಹಾಗೆ ಹಂಚಿಕೊಳ್ಳಿ. ತಮ್ಮನ ಕಾಲೇಜಿನ ಹುಡುಗರು ನಾಲ್ಕು ತಿಂಗಳು ಹೀಗೆ ಬಂದು ಹೋದರು.

ಒಡಹುಟ್ಟಿದವರ ಮಜ್ಜೆ ಹೊಂದಿದರೆ

ರೋಗಿಗೆ 40 ದಾಟಿಲ್ಲ, ಅಣ್ಣ ತಮ್ಮ ಅಕ್ಕ ತಂಗಿಯರಲ್ಲಿ ಒಬ್ಬರು ಪೂರ್ತಿ ಹೊಂದುತ್ತಾರೆ ಅಂದರೆ ಲೋಕದ ಬಹುತೇಕ ತಜ್ಞರು ಹೇಳುವುದು ಒಂದೇ: ಕಸಿ ಮಾಡಿಸಿ, ಬೇಗ ಮಾಡಿಸಿ. ನನ್ನ ಅಭಿಪ್ರಾಯವೂ ಅದೇ. ಈ ಒಂದು ಸಂದರ್ಭದಲ್ಲಿ ಎರಡು ಮನಸ್ಸು ಮಾಡಬೇಡಿ.

ಹೊಂದಾಣಿಕೆ ಅಂದರೆ ರಕ್ತದ ಗುಂಪಲ್ಲ. ಎಚ್‌ಎಲ್‌ಎ ಅನ್ನುವ ಬೇರೆಯೇ ಗುರುತು. ಅರ್ಧ ತಾಯಿಯಿಂದ ಬರುತ್ತದೆ, ಅರ್ಧ ತಂದೆಯಿಂದ. ಹಾಗಾಗಿ ಒಬ್ಬೊಬ್ಬ ಒಡಹುಟ್ಟಿದವರೂ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಇಬ್ಬರಿದ್ದರೆ ಅವರಲ್ಲಿ ಒಬ್ಬರಾದರೂ ಹೊಂದುವ ಸಾಧ್ಯತೆ ಶೇ 44. ಮೂವರಿದ್ದರೆ ಶೇ 58. ಅಜ್ಜಿಯ ಕಾಲದ ಹಾಗೆ ಮನೆಯಲ್ಲಿ ಆರೇಳು ಮಕ್ಕಳಿದ್ದರೆ ಹೊಂದುವವರು ಸಿಗುತ್ತಿದ್ದರೇನೋ. ತಮ್ಮನಿಗೆ ಇದ್ದದ್ದು ನಾನೊಬ್ಬಳೇ. ನನ್ನದು ಅರ್ಧವೂ ಹೊಂದಲಿಲ್ಲ. ಆ ರಿಪೋರ್ಟ್ ಕೈಗೆ ಬಂದ ದಿನ ನಾನು ಏನೋ ತಪ್ಪು ಮಾಡಿದ ಹಾಗೆ ಅತ್ತಿದ್ದೆ. ಹೊಂದದೇ ಇರುವ ಅಕ್ಕ ತಂಗಿಯರು ಇದನ್ನು ಓದುತ್ತಿದ್ದರೆ ಕೇಳಿ, ಇದು ನಿಮ್ಮ ಕೈಯಲ್ಲಿ ಇರಲಿಲ್ಲ.

ಕಸಿಯನ್ನು ನಾನು ಹತ್ತಿರದಿಂದ ನೋಡಿದ್ದು ಪಕ್ಕದ ಕೋಣೆಯ ಹುಡುಗಿಯಲ್ಲಿ. ಅವಳಿಗೆ 14, ಮಜ್ಜೆ ಕೊಟ್ಟ ಅಣ್ಣನಿಗೆ 19. ಮೊದಲು ಕೆಲವು ದಿನ ಕೀಮೋ ಕೊಟ್ಟು ಅವಳ ಹಳೆಯ ರಕ್ಷಣಾ ವ್ಯವಸ್ಥೆಯನ್ನು ಅಳಿಸಿದರು. ಆಮೇಲೆ ಅಣ್ಣನ ಮಜ್ಜೆ ಒಂದು ರಕ್ತದ ಚೀಲದ ಹಾಗೆ ಬಂದು ರಕ್ತನಾಳದೊಳಗೆ ಇಳಿಯಿತು. ಆಪರೇಷನ್ ಅಂದುಕೊಂಡಿದ್ದ ಅವರಮ್ಮ, ಇಷ್ಟೇನಾ ಎಂದು ಬೆರಗಾದರು. ಕಷ್ಟ ಬಂದದ್ದು ಆಮೇಲೆ. ಬಾಯಿ ತುಂಬ ಹುಣ್ಣು, ಉಗುಳು ನುಂಗಲೂ ಆಗದು. ಹೊಸ ಮಜ್ಜೆ ಬೇರೂರಿ ಬಿಳಿ ಕಣ ಏಳಲು ಸುಮಾರು 2ರಿಂದ 4 ವಾರ ಬೇಕು. ಆ ದಿನಗಳಲ್ಲಿ ಸೋಂಕು ತಗುಲಿದರೆ ಎದುರಿಸಲು ಮೈಯಲ್ಲಿ ಏನೂ ಇರುವುದಿಲ್ಲ. ಅವಳಿಗೆ 17ನೇ ದಿನ ಕೌಂಟ್ ಬಂತು. ಅವರಪ್ಪ ಕಾರಿಡಾರಿನಲ್ಲಿ ಸಿಕ್ಕವರಿಗೆಲ್ಲ ಮೈಸೂರ್ ಪಾಕ್ ಹಂಚಿದರು.

ಇನ್ನೊಂದು ಭಯ ಜಿವಿಎಚ್‌ಡಿ. ದಾನಿಯ ಕಣಗಳು ಹೊಸ ಮನೆಯನ್ನೇ ಪರಕೀಯ ಅಂದುಕೊಂಡು ಚರ್ಮ, ಕರುಳು, ಲಿವರ್ ಮೇಲೆ ಏರಿ ಹೋಗುವುದು. ಕೆಲವರಲ್ಲಿ ಅದು ವರ್ಷಗಟ್ಟಲೆ ಉಳಿಯುತ್ತದೆ. ಲುಕೇಮಿಯಾದಲ್ಲಿ ಇದು ಸ್ವಲ್ಪ ಇದ್ದರೆ ಉಳಿದ ಕ್ಯಾನ್ಸರ್ ಕಣಗಳನ್ನೂ ಕೊಲ್ಲುತ್ತದೆ ಎಂಬ ಲಾಭ ಉಂಟು. ನಮ್ಮ ಕಾಯಿಲೆಯಲ್ಲಿ ಅಂಥ ಲಾಭ ಏನೂ ಇಲ್ಲ, ಬರೀ ನಷ್ಟ. ಅದಕ್ಕೇ ಸಂಶೋಧನೆಗಳು ತೋಳಿನ ರಕ್ತದಿಂದ ಸೋಸಿ ತೆಗೆದ ಕಾಂಡಕೋಶಕ್ಕಿಂತ (ರಕ್ತದ ಕಣಗಳನ್ನು ಹುಟ್ಟಿಸುವ ಮೂಲ ಕಣ) ಸೊಂಟದ ಎಲುಬಿನಿಂದ ತೆಗೆದ ಮಜ್ಜೆಯೇ ಮೇಲು ಎನ್ನುತ್ತವೆ, ಅದರಲ್ಲಿ ಜಿವಿಎಚ್‌ಡಿ ಕಮ್ಮಿ. ಆದರೆ ನಮ್ಮ ದೇಶದ ಎಷ್ಟೋ ಕಡೆ ರಕ್ತದಿಂದಲೇ ತೆಗೆಯುತ್ತಾರೆ. ನಮ್ಮಲ್ಲಿ ರೋಗಿಗಳು ತಡವಾಗಿ, ಸೋಂಕು ಹೊತ್ತುಕೊಂಡೇ ಬರುತ್ತಾರೆ. ರಕ್ತದಿಂದ ತೆಗೆದದ್ದು ಬೇಗ ಬೇರೂರುತ್ತದೆ. ನಿಮ್ಮಲ್ಲಿ ಯಾವುದು, ಯಾಕೆ ಎಂದು ಡಾಕ್ಟರನ್ನು ಕೇಳಿ.

ದಾನಿಯ ಬಗ್ಗೆ ಎರಡು ಮಾತು. ಬೆನ್ನುಹುರಿಗೆ ಯಾರೂ ಕೈ ಹಾಕುವುದಿಲ್ಲ. ಸೊಂಟದ ಎಲುಬಿನ ಹಿಂಭಾಗದಿಂದ, ಅರಿವಳಿಕೆ ಕೊಟ್ಟು ತೆಗೆಯುತ್ತಾರೆ. ಕೆಲವು ದಿನ ನೋವಿರುತ್ತದೆ, ಮಜ್ಜೆ ಮತ್ತೆ ತುಂಬಿಕೊಳ್ಳುತ್ತದೆ. ಆ ಅಣ್ಣ ಮಾರನೇ ದಿನ ಕುಂಟುತ್ತಾ ಬಂದು ಗಾಜಿನ ಆಚೆಯಿಂದ ತಂಗಿಗೆ ಕೈ ಬೀಸಿದ್ದನ್ನು ನಾನೇ ನೋಡಿದೆ.

ಫಲ ಹೇಗೆ? ವಯಸ್ಸೇ ದೊಡ್ಡ ಲೆಕ್ಕ. 1991ರಿಂದ 2004ರವರೆಗೆ ಹೊಂದುವ ಒಡಹುಟ್ಟಿದವರಿಂದ ಕಸಿಯಾದವರ ಅಂತರರಾಷ್ಟ್ರೀಯ ದಾಖಲೆಗಳ ಪ್ರಕಾರ, 5 ವರ್ಷದ ನಂತರ ಬದುಕಿದ್ದವರು 20ರ ಒಳಗಿನವರಲ್ಲಿ ಶೇ 82, 20ರಿಂದ 40ರವರಲ್ಲಿ ಶೇ 72, 40 ದಾಟಿದವರಲ್ಲಿ ಶೇ 53. ಆಮೇಲೆ ಔಷಧಿಗಳು ಸುಧಾರಿಸಿವೆ, ಮಕ್ಕಳಲ್ಲಂತೂ ಫಲ ಇನ್ನೂ ಚೆನ್ನಾಗಿದೆ. ಆದರೆ ವಯಸ್ಸಿನ ಇಳಿಜಾರು ಹಾಗೆಯೇ ಇದೆ. ಭಾರತದಲ್ಲಿ ಮೊದಲ ಮಜ್ಜೆ ಕಸಿ ನಡೆದದ್ದು 1983ರಲ್ಲಿ, ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ. 1986ರಲ್ಲಿ ವೆಲ್ಲೂರಿನ ಸಿಎಂಸಿ ಶುರುಮಾಡಿತು. ಈಗ ಬೆಂಗಳೂರಿನಲ್ಲೇ ಹಲವು ಕಡೆ ಮಾಡುತ್ತಾರೆ.

ಕೇಳಲು ಮುಜುಗರ ಆಗುವ ಒಂದು ವಿಷಯ ಇದೆ, ಕೇಳಲೇಬೇಕು. ಕಸಿಗೆ ಕೊಡುವ ಔಷಧಿಗಳಿಂದ ಮುಂದೆ ಮಕ್ಕಳಾಗುವುದಕ್ಕೆ ತೊಂದರೆ ಆಗಬಹುದು. ವೀರ್ಯವನ್ನೋ ಅಂಡವನ್ನೋ ಮೊದಲೇ ತೆಗೆದಿಡಬಹುದಾ ಎಂದು ಕೀಮೋ ಶುರುವಾಗುವ ಮುಂಚೆ ಕೇಳಿ. ಅಪ್ಪ ಅಮ್ಮನ ಎದುರು ಹುಡುಗರು ಬಾಯಿ ಬಿಡುವುದಿಲ್ಲ. ಅಕ್ಕನೋ ಚಿಕ್ಕಪ್ಪನೋ ಕೇಳಲಿ.

ಎಟಿಜಿ: ಮೇಯುವ ದನವನ್ನು ಓಡಿಸುವುದು

ಹೊಂದುವ ಒಡಹುಟ್ಟಿದವರು ಇಲ್ಲದಿದ್ದರೆ, ಅಥವಾ 40 ದಾಟಿದ್ದರೆ, ಸಾಮಾನ್ಯವಾಗಿ ಮೊದಲು ಹೇಳುವುದು ಇದನ್ನೇ. ನಾವು ಹಿಡಿದ ದಾರಿಯೂ ಇದೇ.

ಇದರ ಹುಟ್ಟು ನನಗೆ ತುಂಬ ಇಷ್ಟವಾದ ಕಥೆ. 1970ರ ಸುಮಾರಿಗೆ ಫ್ರಾನ್ಸಿನಲ್ಲಿ ಜಾರ್ಜ್ ಮಾಥೆ ಎಂಬ ವೈದ್ಯರು ಕಸಿಗೆ ಮುಂಚೆ ರೋಗಿಗಳ ರಕ್ಷಣಾ ಕಣಗಳನ್ನು ಕುಗ್ಗಿಸಲು ಸೀರಂ ಕೊಟ್ಟಿದ್ದರು. ಕೆಲವರಲ್ಲಿ ಕಸಿ ಬೇರೂರಲೇ ಇಲ್ಲ. ಆದರೂ ಅವರ ಸ್ವಂತ ಮಜ್ಜೆ ಮತ್ತೆ ಚಿಗುರಿತು! ಮಡಿಯಲ್ಲಿ ಬೀಜ ಸತ್ತಿಲ್ಲ, ಯಾರೋ ಮೇಯುತ್ತಿದ್ದಾರೆ ಅನ್ನುವ ಅರಿವು ಬಂದದ್ದು ಹಾಗೆ. ಹೀಗೆ ಮೇಯುವ ರಕ್ಷಣಾ ಕಣಗಳಿಗೆ ಟಿ ಕಣ ಎನ್ನುತ್ತಾರೆ. ಕುದುರೆಗೆ ಮನುಷ್ಯರ ಟಿ ಕಣ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳಿಂದ ಎಟಿಜಿ ಮಾಡುತ್ತಾರೆ. ಮೊಲದಿಂದ ಮಾಡಿದ್ದೂ ಇದೆ. ಅಮೆರಿಕದಲ್ಲಿ 120 ರೋಗಿಗಳ ಮೇಲೆ ಎರಡನ್ನೂ ಹೋಲಿಸಿ 2011ರಲ್ಲಿ ಫಲ ಪ್ರಕಟಿಸಿದರು. 6 ತಿಂಗಳಲ್ಲಿ ಕುದುರೆಯದ್ದಕ್ಕೆ ಶೇ 68 ಜನ ಸ್ಪಂದಿಸಿದರು, ಮೊಲದ್ದಕ್ಕೆ ಶೇ 37. ಹಾಗಾಗಿ ಮೊದಲ ಸಲಕ್ಕೆ ಕುದುರೆಯದ್ದೇ ಬೇಕು. ಇದು ನಮ್ಮ ದೇಶದಲ್ಲೇ ತಯಾರಾಗುತ್ತದೆ, ಥೈಮೋಗ್ಯಾಮ್ ಅನ್ನುವ ಹೆಸರಿನಲ್ಲಿ.

ಕೊಡುವುದು 4 ದಿನ. ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ಹಾಕಿದ ಲೈನಿನ ಮೂಲಕ, ದಿನಕ್ಕೆ 12 ಗಂಟೆಗೂ ಜಾಸ್ತಿ. ತಮ್ಮನಿಗೆ ಮೊದಲ ದಿನವೇ ಚಳಿಜ್ವರ ಬಂದು ಮಂಚ ಅಲ್ಲಾಡುವ ಹಾಗೆ ನಡುಗಿದ. ಎರಡನೇ ವಾರ ಕೀಲು ಕೀಲು ನೋವು, ಮೈಯೆಲ್ಲ ದದ್ದು. ಕುದುರೆಯ ಪ್ರೋಟೀನಿಗೆ ದೇಹ ತೋರುವ ಸಿಟ್ಟು ಅದು, ಸೀರಂ ಸಿಕ್‌ನೆಸ್ ಎನ್ನುತ್ತಾರೆ. ಅದಕ್ಕೇ ಸ್ಟೀರಾಯ್ಡ್ ಕೊಟ್ಟಿರುತ್ತಾರೆ. ಮೊದಲೇ ಗೊತ್ತಿದ್ದರೆ ಅಷ್ಟು ಹೆದರುವುದಿಲ್ಲ.

ಆಮೇಲೆ ಕಾಯುವುದು. ಇದನ್ನು ಯಾರೂ ನಮಗೆ ಸರಿಯಾಗಿ ಹೇಳಿರಲಿಲ್ಲ. ಎಟಿಜಿ ಕೊಟ್ಟ ಮಾರನೇ ವಾರ ಕೌಂಟ್ ಏಳುವುದಿಲ್ಲ. ದನ ಓಡಿಸಿದ ಮೇಲೆ ಬೀಜ ಮೊಳೆಯಬೇಕಲ್ಲ. 3ರಿಂದ 6 ತಿಂಗಳು ಬೇಕು. ಅಷ್ಟು ದಿನ ರಕ್ತ, ಪ್ಲೇಟ್‌ಲೆಟ್ ಹಾಕಿಸುತ್ತಲೇ ಇರಬೇಕು. ಎರಡನೇ ತಿಂಗಳಿಗೇ ಅಪ್ಪ, "ಔಷಧಿ ಹಿಡಿಲಿಲ್ಲ, ಬೇರೆ ಕಡೆ ಹೋಗೋಣ" ಎಂದು ಹಟ ಹಿಡಿದರು. ನಾಲ್ಕನೇ ತಿಂಗಳು ತಮ್ಮನ ನ್ಯೂಟ್ರೋಫಿಲ್ 700 ಆಯಿತು. ಆರನೇ ತಿಂಗಳಿಗೆ ಹಿಮೋಗ್ಲೋಬಿನ್ 9.8, ಪ್ಲೇಟ್‌ಲೆಟ್ 48 ಸಾವಿರ. ಪೂರ್ತಿ ವಾಸಿಯಲ್ಲ. ಆದರೆ ರಕ್ತ ಹಾಕಿಸುವುದು ನಿಂತಿತು.

ಎಟಿಜಿ ಜೊತೆ ರಕ್ಷಣಾ ಕಣಗಳನ್ನು ಅಡಗಿಸಿಡುವ ಸೈಕ್ಲೋಸ್ಪೋರಿನ್ ಎಂಬ ಔಷಧಿ ಕಡ್ಡಾಯ, ಕನಿಷ್ಠ ಒಂದು ವರ್ಷ, ಆಮೇಲೆ ತುಂಬ ನಿಧಾನವಾಗಿ ಇಳಿಸುವುದು. ಇದರಿಂದ ವಸಡು ಊದುತ್ತದೆ, ಮೈಮೇಲೆ ಕೂದಲು ಜಾಸ್ತಿಯಾಗುತ್ತದೆ, ಕೈ ನಡುಗುತ್ತದೆ, ಬಿಪಿ ಏರುತ್ತದೆ. ಕಿಡ್ನಿಯ ಮೇಲೆ ಕಣ್ಣಿಡಲು ಕ್ರಿಯಾಟಿನಿನ್ ನೋಡುತ್ತಲೇ ಇರಬೇಕು. ರಕ್ತದಲ್ಲಿ ಔಷಧಿಯ ಮಟ್ಟ ನೋಡುವ ದಿನ ಬೆಳಗಿನ ಡೋಸ್ ನುಂಗದೆ ಹೋಗಬೇಕು, ರಕ್ತ ಕೊಟ್ಟ ಮೇಲೆ ನುಂಗಬೇಕು. ನಾವು ಎರಡು ಸಲ ಇದನ್ನು ಮರೆತು ಪರೀಕ್ಷೆ ವ್ಯರ್ಥ ಮಾಡಿದೆವು. ಮತ್ತೆ ಚಕ್ಕೋತ ಬೇಡ! ದೇವನಹಳ್ಳಿ ಕಡೆಯ ನೆಂಟರು ಚೀಲ ತುಂಬ ತಂದು ಕೊಟ್ಟಿದ್ದರು. ಗ್ರೇಪ್‌ಫ್ರೂಟ್ ಹಾಗೆಯೇ ಚಕ್ಕೋತವೂ ಈ ಔಷಧಿಯ ಮಟ್ಟವನ್ನು ಏರಿಸುತ್ತದೆ. ಫಂಗಸ್ ಸೋಂಕಿಗೆ ಕೊಡುವ ಕೆಲವು ಮಾತ್ರೆಗಳೂ ಹಾಗೆಯೇ. ಯಾವ ಹೊಸ ಮಾತ್ರೆ ಶುರುಮಾಡಿದರೂ ರಕ್ತರೋಗದ ಡಾಕ್ಟರಿಗೆ ಒಂದು ಫೋನ್ ಮಾಡಿ.

ಈಚಿನ ವರ್ಷಗಳಲ್ಲಿ ಸೇರಿದ್ದು ಎಲ್ಟ್ರೊಂಬೊಪಾಗ್ ಮಾತ್ರೆ. ಮೊದಲು ಪ್ಲೇಟ್‌ಲೆಟ್ ಏರಿಸಲೆಂದು ಬಂದದ್ದು. ಮಜ್ಜೆಯ ಮೂಲ ಕಣಗಳನ್ನೇ ಎಬ್ಬಿಸುತ್ತದೆ ಎಂದು ಆಮೇಲೆ ತಿಳಿಯಿತು. ಸಸಿಮಡಿಗೆ ಗೊಬ್ಬರ ಹಾಕಿದ ಹಾಗೆ. ಯುರೋಪಿನಲ್ಲಿ 197 ರೋಗಿಗಳನ್ನು ಎರಡು ಗುಂಪು ಮಾಡಿ ನಡೆಸಿದ ರೇಸ್ ಅನ್ನುವ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಎಟಿಜಿ, ಸೈಕ್ಲೋಸ್ಪೋರಿನ್ ಎರಡೇ ಪಡೆದವರಲ್ಲಿ 6 ತಿಂಗಳಿಗೆ ಸ್ಪಂದಿಸಿದವರು ಶೇ 41. ಈ ಮಾತ್ರೆಯೂ ಸೇರಿದಾಗ ಶೇ 68. ಇಷ್ಟು ದೊಡ್ಡ ವ್ಯತ್ಯಾಸ ಕಂಡ ಮೇಲೆ, ಕೈಗೆಟುಕುವ ಹಾಗಿದ್ದರೆ ಸೇರಿಸಿಕೊಳ್ಳಿ ಎಂದೇ ನಾನು ಹೇಳುವುದು. ಲಿವರ್ ಪರೀಕ್ಷೆ ಮಾಡಿಸುತ್ತಿರಬೇಕು. ಡೋಸ್ ಡಾಕ್ಟರೇ ಹೇಳಲಿ.

ಈ ಮಾತ್ರೆಯದ್ದೊಂದು ಅಡುಗೆಮನೆ ತಕರಾರು ಇದೆ. ಕ್ಯಾಲ್ಸಿಯಂ ಜೊತೆ ಸೇರಿದರೆ ಇದು ದೇಹಕ್ಕೆ ಹತ್ತುವುದಿಲ್ಲ. ಹಾಲು, ಮೊಸರು, ಮಜ್ಜಿಗೆ, ಆಂಟಾಸಿಡ್, ಕ್ಯಾಲ್ಸಿಯಂ ಅಥವಾ ಐರನ್ ಮಾತ್ರೆಗಳಿಗೆ 2 ಗಂಟೆ ಮುಂಚೆ ಅಥವಾ 4 ಗಂಟೆ ಆದ ಮೇಲೆ ನುಂಗಬೇಕು. ನಮ್ಮ ಕಡೆ ರಾಗಿಯೂ ಲೆಕ್ಕಕ್ಕೆ ಬರಬೇಕು, ಅದರಲ್ಲಿ ಕ್ಯಾಲ್ಸಿಯಂ ತುಂಬ ಇದೆ. ಆಸ್ಪತ್ರೆಯಲ್ಲಿ ಕೊಟ್ಟ ಹಾಳೆಯಲ್ಲಿ ಹಾಲು ಮೊಸರು ಇತ್ತು, ಮುದ್ದೆಯ ಹೆಸರು ಇರಲಿಲ್ಲ. ಡಾಕ್ಟರನ್ನು ಕೇಳಿ, ಮುದ್ದೆಯನ್ನು ಮಧ್ಯಾಹ್ನಕ್ಕೆ ಇಟ್ಟು ಮಾತ್ರೆಯನ್ನು ರಾತ್ರಿ ಮಲಗುವಾಗ ಕೊಡಲು ಶುರುಮಾಡಿದೆವು.

ಎಟಿಜಿಯ ಕೊರತೆಯನ್ನೂ ಮುಚ್ಚಿಡಬಾರದು. ಸ್ಪಂದಿಸಿದವರಲ್ಲೂ ಸುಮಾರು ಮೂರರಲ್ಲಿ ಒಬ್ಬರಿಗೆ ಕಾಯಿಲೆ ಮರಳುತ್ತದೆ. ಹತ್ತು ವರ್ಷದ ಲೆಕ್ಕ ಹಿಡಿದರೆ ಶೇ 10ರಿಂದ 15 ಜನರಲ್ಲಿ ಅದು ಎಂಡಿಎಸ್ ಅಥವಾ ಲುಕೇಮಿಯಾ ಕಡೆ ತಿರುಗಬಹುದು. ಕಸಿಯಲ್ಲಿ ಅಪಾಯದ ಬಹುಪಾಲು ಮೊದಲ ವರ್ಷದಲ್ಲೇ ಬಂದು ಮುಗಿಯುತ್ತದೆ. ಎಟಿಜಿಯಲ್ಲಿ ಶುರು ಅಷ್ಟು ಭಯಾನಕವಲ್ಲ, ಆದರೆ ಕಣ್ಣಿಡುವ ಕೆಲಸ ಜೀವನಪೂರ್ತಿ. ಇವೆರಡರಲ್ಲಿ ಯಾವ ಭಾರ ಹೊರಬಲ್ಲಿರಿ ಅನ್ನುವುದನ್ನು ಮನೆಯವರು ರೋಗಿಯನ್ನು ಕೂರಿಸಿಕೊಂಡೇ ಮಾತಾಡಬೇಕು.

ಬರೀ ಮಾತ್ರೆ

ಸೈಕ್ಲೋಸ್ಪೋರಿನ್ ಒಂದನ್ನೇ, ಅಥವಾ ಜೊತೆಗೆ ಎಲ್ಟ್ರೊಂಬೊಪಾಗ್, ಡ್ಯಾನಜೋಲ್, ಸ್ಟಾನಜೊಲಾಲ್ ಥರದ ಮಾತ್ರೆ ಕೊಡುವುದೂ ಇದೆ. ತುಂಬ ವಯಸ್ಸಾದವರು, ಎಟಿಜಿ ತಡೆಯಲಾರದವರು, ಕಾಯಿಲೆ ಅಷ್ಟು ತೀವ್ರವಿಲ್ಲದವರು, ದುಡ್ಡು ಹೊಂದಿಸುತ್ತಾ ಇರುವವರು ಈ ದಾರಿ ಹಿಡಿಯುತ್ತಾರೆ. ವಾರ್ಡಿನಲ್ಲಿ ಕೊಪ್ಪಳದ ಕಡೆಯ 60 ದಾಟಿದ ಯಜಮಾನರೊಬ್ಬರು ಹೀಗೆ ಮಾತ್ರೆಯಲ್ಲೇ ತಿಂಗಳಿಗೆ ಎರಡು ಬಾಟಲಿ ರಕ್ತದಿಂದ ಎರಡು ತಿಂಗಳಿಗೊಂದಕ್ಕೆ ಇಳಿದಿದ್ದರು. ಅವರಿಗೆ ಅದೇ ದೊಡ್ಡ ನೆಮ್ಮದಿ. ಆದರೆ ಹರೆಯದವರಿಗೆ, ಕಾಯಿಲೆ ತೀವ್ರವಾಗಿರುವಾಗ, ಅಗ್ಗ ಎಂಬ ಒಂದೇ ಕಾರಣಕ್ಕೆ ಇದನ್ನು ಆರಿಸಿ ಆರು ತಿಂಗಳು ಕಳೆಯುವುದು ನನಗೆ ಸರಿ ಕಾಣುವುದಿಲ್ಲ. ಆ ಆರು ತಿಂಗಳಲ್ಲಿ ಹಾಕಿಸಿದ ರಕ್ತ, ತಗುಲಿದ ಸೋಂಕು ಮುಂದಿನ ಕಸಿಯನ್ನೂ ಕಷ್ಟ ಮಾಡುತ್ತವೆ. ಒಂದು ಬಾಟಲಿ ರಕ್ತದಲ್ಲಿ 200 ಮಿಲಿಗ್ರಾಂಗೂ ಜಾಸ್ತಿ ಕಬ್ಬಿಣ ಇರುತ್ತದೆ. ಅದನ್ನು ಹೊರಹಾಕುವ ದಾರಿ ದೇಹಕ್ಕೆ ಇಲ್ಲ. ಲಿವರ್, ಹೃದಯಗಳಲ್ಲಿ ಶೇಖರವಾಗುತ್ತಾ ಹೋಗುತ್ತದೆ. ಕಬ್ಬಿಣದ ಶೇಖರಣೆ ತೋರಿಸುವ ಫೆರಿಟಿನ್ ಎಂಬ ರಕ್ತ ಪರೀಕ್ಷೆ ಸಾವಿರ ದಾಟಿದರೆ ಅದಕ್ಕೂ ಮಾತ್ರೆ ಬೇಕಾಗಬಹುದು.

ಅರ್ಧ ಹೊಂದುವವರು, ಗುರುತಿಲ್ಲದ ದಾನಿಗಳು

ಎಟಿಜಿ ಫಲ ಕೊಡದಿದ್ದರೆ ಮುಂದೇನು? ಮೊದಲೆಲ್ಲ ಇಲ್ಲಿಗೆ ದಾರಿ ಮುಗಿಯುತ್ತಿತ್ತು. ಈಗ ಹಾಗಿಲ್ಲ.

ತಾಯಿ, ತಂದೆ, ಹೆತ್ತ ಮಕ್ಕಳು ಯಾವಾಗಲೂ ಅರ್ಧ ಹೊಂದುತ್ತಾರೆ. ಇಂಥವರ ಮಜ್ಜೆ ಹಾಕುವುದನ್ನು ಹ್ಯಾಪ್ಲೋ ಕಸಿ ಎನ್ನುತ್ತಾರೆ. ಕಸಿಯಾದ ಕೆಲವೇ ದಿನಕ್ಕೆ ಸೈಕ್ಲೋಫಾಸ್ಫಮೈಡ್ ಎಂಬ ಕೀಮೋ ಔಷಧಿ ಕೊಟ್ಟು, ಜಗಳಕ್ಕೆ ಎದ್ದ ಕಣಗಳನ್ನು ಮಾತ್ರ ಅಡಗಿಸುವ ವಿಧಾನವನ್ನು ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನವರು ಬೆಳೆಸಿದ ಮೇಲೆ ಇದು ಎಷ್ಟೋ ಸುಲಭವಾಯಿತು. ಆದರೂ ಮಜ್ಜೆ ಬೇರೂರದೆ ಹೋಗುವ ಭಯ, ಸೋಂಕಿನ ಭಯ, ಖರ್ಚು ಮೂರೂ ಪೂರ್ತಿ ಹೊಂದುವ ಕಸಿಗಿಂತ ಜಾಸ್ತಿ. ರೋಗಿಯ ರಕ್ತದಲ್ಲಿ ಆ ದಾನಿಯ ವಿರುದ್ಧ ಪ್ರತಿಕಾಯ ಇದೆಯಾ ಎಂದು ಮೊದಲೇ ನೋಡಬೇಕು. ಮನೆಯವರ ರಕ್ತ ಹಾಕಿಸಬೇಡಿ ಎಂದದ್ದು ಇಲ್ಲೂ ನೆನಪಿರಲಿ.

ಇನ್ನೊಂದು ದಾರಿ ದಾನಿಗಳ ನೋಂದಣಿ. ಚೆನ್ನೈನ ದಾತ್ರಿ, ಬೆಂಗಳೂರಿನ ಡಿಕೆಎಂಎಸ್ ಫೌಂಡೇಶನ್ ಇಂಡಿಯಾ ಈ ಕೆಲಸ ಮಾಡುತ್ತಿವೆ. ಎಚ್‌ಎಲ್‌ಎ ಗುರುತು ವಂಶದಲ್ಲಿ ಹರಿದು ಬರುತ್ತದೆ. ನಮ್ಮವರಿಗೆ ಹೊಂದುವವರು ನಮ್ಮವರಲ್ಲೇ ಸಿಗುವ ಸಾಧ್ಯತೆ ಜಾಸ್ತಿ. ಆದರೆ ನೋಂದಣಿ ಮಾಡಿಸಿದ ಭಾರತೀಯರು ನಮ್ಮ ಜನಸಂಖ್ಯೆಗೆ ಏನೇನೂ ಸಾಲದು. ಹಾಗಾಗಿ ಹುಡುಕಾಟಕ್ಕೆ ತಿಂಗಳುಗಳೇ ಹಿಡಿಯಬಹುದು, ಸಿಗದೆಯೂ ಹೋಗಬಹುದು. ಮಾಡಬೇಕಾದದ್ದು ಕೆನ್ನೆಯ ಒಳಗೆ ಹತ್ತಿ ಕಡ್ಡಿ ಸವರಿ ಕೊಡುವುದು, ಅಷ್ಟೇ. ಅಮೆರಿಕ, ಇಂಗ್ಲೆಂಡ್, ಜರ್ಮನಿಯಲ್ಲಿರುವ ಕನ್ನಡಿಗರು ಅಲ್ಲಿನ ನೋಂದಣಿಗೇ ಸೇರಬಹುದು, ಇವೆಲ್ಲ ಒಂದಕ್ಕೊಂದು ಬೆಸೆದುಕೊಂಡಿವೆ. ನೀವು 18 ದಾಟಿ ಆರೋಗ್ಯವಾಗಿದ್ದರೆ ದಯವಿಟ್ಟು ಹೆಸರು ಕೊಡಿ. ಕರೆ ಬಂದಾಗ ಹಿಂಜರಿಯಬೇಡಿ. ಹೆಸರು ಕೊಟ್ಟು ಕೊನೆಗೆ ಒಲ್ಲೆ ಎಂದರೆ ಆ ಕಡೆಯ ಮನೆಯಲ್ಲಿ ಏನಾಗುತ್ತದೆ ಎಂದು ನಾನು ವಾರ್ಡಿನಲ್ಲಿ ಕಂಡಿದ್ದೇನೆ.

ದುಡ್ಡು

ಕಸಿಗೆ ಖಾಸಗಿ ಆಸ್ಪತ್ರೆಯಲ್ಲಿ ಹತ್ತು ಲಕ್ಷ ದಾಟುವುದು ಸಾಮಾನ್ಯ, ಹ್ಯಾಪ್ಲೋ ಆದರೆ ಅದಕ್ಕಿಂತ ಎಷ್ಟೋ ಜಾಸ್ತಿ. ಎಟಿಜಿ ಖರ್ಚು ರೋಗಿಯ ತೂಕದ ಮೇಲೆ ಹೋಗುತ್ತದೆ. ದಪ್ಪ ಇದ್ದವರಿಗೆ ಔಷಧಿ ಜಾಸ್ತಿ ಬೇಕು. ಆದರೆ ಹೋಲಿಸುವಾಗ ಜನ ಮರೆಯುವುದು ಆಮೇಲಿನ ಖರ್ಚನ್ನು. ಎಟಿಜಿ ಆದ ಮೇಲಿನ ಮಾತ್ರೆ, ಪ್ಲೇಟ್‌ಲೆಟ್, ಪರೀಕ್ಷೆ ಎರಡು ವರ್ಷ ನಡೆಯುತ್ತದೆ. ಕಸಿಯಾದವರು ಮೊದಲ 100 ದಿನ ಆಸ್ಪತ್ರೆಯ ಹತ್ತಿರವೇ ಮನೆ ಮಾಡಬೇಕು. ಅಪ್ಪನೋ ಅಮ್ಮನೋ ಕೆಲಸ ಬಿಟ್ಟು ಕೂರಬೇಕು. ಅದನ್ನೂ ಸೇರಿಸಿಯೇ ಲೆಕ್ಕ ಹಾಕಿ.

ಸಹಾಯಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ, ಮುಖ್ಯಮಂತ್ರಿಗಳ ಮತ್ತು ಪ್ರಧಾನಿಯವರ ಪರಿಹಾರ ನಿಧಿಗಳು ಇವೆ. ಕೋಲ್ ಇಂಡಿಯಾ ಹಣ ಕೊಡುವ ತಲಸ್ಸೇಮಿಯಾ ಬಾಲ ಸೇವಾ ಯೋಜನೆಯಲ್ಲಿ ಅಪ್ಲಾಸ್ಟಿಕ್ ಅನೀಮಿಯಾವೂ ಸೇರಿದೆ, ಕಸಿಗೆ 10 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಹೆಸರಿನಲ್ಲಿ ತಲಸ್ಸೇಮಿಯಾ ಇದೆ ಎಂದು ಬಿಟ್ಟುಬಿಡಬೇಡಿ. ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಮೊದಲ ವಾರವೇ ನೋಡಿ. ಕೆಲವು ಯೋಜನೆಗಳಲ್ಲಿ ಚಿಕಿತ್ಸೆ ಶುರುವಾದ ಮೇಲೆ ಅರ್ಜಿ ತೆಗೆದುಕೊಳ್ಳುವುದಿಲ್ಲ.

ಯಾವ ದಾರಿ ಹಿಡಿದರೂ: ಜ್ವರ

ಕಸಿಯಾಗಲಿ, ಎಟಿಜಿಯಾಗಲಿ, ಮಾತ್ರೆಯಾಗಲಿ, ನ್ಯೂಟ್ರೋಫಿಲ್ 500ರ ಕೆಳಗಿರುವಷ್ಟು ದಿನ ಈ ಕಾಯಿಲೆಯಲ್ಲಿ ಜೀವಕ್ಕೆ ಬರುವ ದೊಡ್ಡ ಕುತ್ತು ಸೋಂಕು. ಮನೆ ಪಕ್ಕ ಕಟ್ಟಡ ಕೆಲಸ ನಡೆಯುತ್ತಿದ್ದರೆ ಬೇರೆ ಕಡೆ ಇರಿ, ಆ ಧೂಳಿನಲ್ಲಿ ಶ್ವಾಸಕೋಶಕ್ಕೆ ಇಳಿಯುವ ಫಂಗಸ್ ಇರುತ್ತದೆ. ಹಸಿ ತರಕಾರಿ, ಹೊರಗಿನ ಚಟ್ನಿ ಬೇಡ. ಬಾಗಿಲಲ್ಲಿ ಕೈ ತೊಳೆಯದೆ ಯಾರನ್ನೂ ಒಳಗೆ ಬಿಡಬೇಡಿ. ನೆಂಟರು ಬೇಜಾರು ಮಾಡಿಕೊಂಡರೂ ಪರವಾಗಿಲ್ಲ.

ಥರ್ಮಾಮೀಟರಿನಲ್ಲಿ 100.4 ಕಂಡರೆ ಮಾತ್ರೆ ಕೊಟ್ಟು ಬೆಳಗಾಗಲಿ ಎಂದು ಕಾಯಬೇಡಿ. ಜ್ವರದ ಮಾತ್ರೆ ಜ್ವರವನ್ನು ಮುಚ್ಚುತ್ತದೆ, ಸೋಂಕು ಒಳಗೆ ಬೆಳೆಯುತ್ತದೆ. ಆಸ್ಪತ್ರೆ ಮುಟ್ಟಿದ ಒಂದು ಗಂಟೆಯೊಳಗೆ ರಕ್ತನಾಳಕ್ಕೆ ಆಂಟಿಬಯಾಟಿಕ್ ಹೋಗಬೇಕು. ಒಮ್ಮೆ ರಾತ್ರಿ ಒಂದೂವರೆಗೆ ತಮ್ಮನಿಗೆ 101 ಬಂದಾಗ, ಎಮರ್ಜೆನ್ಸಿಯಲ್ಲಿದ್ದವರಿಗೆ ಈ ಕಾಯಿಲೆಯ ಹೆಸರೇ ಹೊಸದು. ಡಿಸ್ಚಾರ್ಜ್ ಹಾಳೆಯ ಮೇಲೆ ನಮ್ಮ ಡಾಕ್ಟರು ಕೆಂಪು ಶಾಯಿಯಲ್ಲಿ, ನ್ಯೂಟ್ರೋಫಿಲ್ ಕಮ್ಮಿ, ಜ್ವರ ಬಂದರೆ ತಕ್ಷಣ ಇಂಥ ಔಷಧಿ ಕೊಡಿ ಎಂದು ಬರೆದುಕೊಟ್ಟಿದ್ದು ಅವತ್ತು ಕೆಲಸಕ್ಕೆ ಬಂತು. ನಿಮ್ಮ ಡಾಕ್ಟರ ಹತ್ತಿರವೂ ಹೀಗೆ ಬರೆಸಿಕೊಳ್ಳಿ.

ನಮ್ಮ ಮನೆಯ ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದ ಒಂದು ಚೀಲ ಈಗಲೂ ಇದೆ. ಅದರಲ್ಲಿ ಆ ಹಾಳೆಯ ಜೆರಾಕ್ಸ್, ಕೊನೆಯ ಬ್ಲಡ್ ರಿಪೋರ್ಟ್, ಥರ್ಮಾಮೀಟರ್, ಒಂದು ಜೊತೆ ಬಟ್ಟೆ, ಮಾಸ್ಕ್, ಸ್ವಲ್ಪ ದುಡ್ಡು, ರಕ್ತ ಕೊಡುವ ಹುಡುಗರ ಫೋನ್ ನಂಬರ್ ಬರೆದ ಪುಸ್ತಕ. ಪ್ರತಿ ತಿಂಗಳು ಮೊದಲನೇ ತಾರೀಖು ಅಮ್ಮ ಅದರೊಳಗಿನ ರಿಪೋರ್ಟ್ ಬದಲಾಯಿಸುತ್ತಾರೆ.